ಕೀಲಿಕೈ ಯಾರ ಕೈಯಲ್ಲಿದೆ?

ಕರಾವಳಿಯ ಪಟ್ಟಣವೊಂದರ ಮನೆ. ಯಜಮಾನ ದುಡಿಯುತ್ತಿರುವುದು ಗಲ್ಫ್‌ನಲ್ಲಿ. ಇಲ್ಲಿರುವುದು ಅವರ ಪತ್ನಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು ಮತ್ತು ವಯಸ್ಸಾದ ಅತ್ತೆ. ಪಕ್ಕದ ಬೀದಿಯ ಮನೆಗೆ ಕಳ್ಳರು ನುಗ್ಗಿದ ಸುದ್ದಿ ಕೇಳಿ ಕುಟುಂಬ ಹೆದರಿತು. ಸಂಬಂಧಿಕರೊಬ್ಬರು ಒಬ್ಬ ಯುವಕನನ್ನು ಪರಿಚಯಿಸಿದರು. ಆತ ಬಂದು ಬಾಗಿಲುಗಳಿಗೆ ಅಲಾರಂ ಜೋಡಿಸಿದ. ಮನೆಯ ಸುತ್ತ ಮೂರು, ಪಡಸಾಲೆಯಲ್ಲಿ ಒಂದು ಕ್ಯಾಮರಾ ಅಳವಡಿಸಿದ. ಮಕ್ಕಳನ್ನು ಅಲ್ಲಿಂದಲೇ ನೋಡಬಹುದೆಂಬ ಆಸೆಯಿಂದ ಪಡಸಾಲೆಯ ಕ್ಯಾಮರಾವನ್ನು ಹಾಕಿಸಿದ್ದು ಯಜಮಾನರೇ. ಒಟ್ಟು 42,000 ರೂಪಾಯಿ ಪಡೆದು ಯುವಕ ಹೊರಟುಹೋದ. ಬಿಲ್ ಕೊಡಲಿಲ್ಲ, ಮನೆಯವರು ಕೇಳಲೂ ಇಲ್ಲ. ಪಾಸ್‌ವರ್ಡ್ ಏನೆಂದು ಕೇಳಿದಾಗ, ‘ಅದೆಲ್ಲ ನಿಮಗ್ಯಾಕೆ ಅಕ್ಕಾ, ಏನಾದರೂ ಆದರೆ ನನಗೊಂದು ಫೋನ್ ಮಾಡಿ’ ಅಂದ.

ಮೂರನೇ ವಾರದ ಒಂದು ನಡುರಾತ್ರಿ ಸೈರನ್ ಕೂಗಲು ಆರಂಭಿಸಿತು. ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಯುವಕನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮಕ್ಕಳು ಅಳುತ್ತಿದ್ದರು, ನೆರೆಹೊರೆಯವರು ಅಂಗಳದಲ್ಲಿ ಸೇರಿದರು, ಕೊನೆಗೆ ಯಾರೋ ತಂತಿಯನ್ನೇ ಕಿತ್ತರು. ಆ ಬಳಿಕ ಆತ ಬರಲೇ ಇಲ್ಲ. ಏಳು ತಿಂಗಳು ಕಳೆದ ಮೇಲೆ ಬೇರೊಬ್ಬ ತಂತ್ರಜ್ಞನನ್ನು ಕರೆಸಿದಾಗಲೇ ನಿಜವಾದ ಸಂಗತಿ ಹೊರಬಿದ್ದದ್ದು. ಆ ವ್ಯವಸ್ಥೆಯೆಲ್ಲ ನೋಂದಣಿಯಾಗಿದ್ದುದು ಮೊದಲು ಬಂದ ಯುವಕನ ಹೆಸರಿನಲ್ಲಿ, ಆತನ ಮೊಬೈಲ್ ಸಂಖ್ಯೆಯಲ್ಲಿ. ಮನೆಯ ಯಜಮಾನನಿಗೆ ಸಿಕ್ಕಿದ್ದು ಆತ ಹಂಚಿಕೊಂಡ ಒಂದು ನೋಟ ಮಾತ್ರ. ಅಂದರೆ, ಪೂರ್ಣ ಹೆಸರೂ ವಿಳಾಸವೂ ಗೊತ್ತಿಲ್ಲದ ಒಬ್ಬ ವ್ಯಕ್ತಿಯ ಜೇಬಿನಲ್ಲಿ ಏಳು ತಿಂಗಳ ಕಾಲ ಆ ಮನೆಯ ಪಡಸಾಲೆ ಇತ್ತು.

ಆತ ನೋಡಿದನೇ? ಗೊತ್ತಿಲ್ಲ. ಬಹುಶಃ ನೋಡಿರಲಿಕ್ಕಿಲ್ಲ. ಒಂದೇ ದಿನದಲ್ಲಿ ಮೂರು ಮನೆಗಳ ಕೆಲಸ ಮುಗಿಸುವ ಧಾವಂತದಲ್ಲಿ ತನ್ನ ಮೊಬೈಲಿನಲ್ಲೇ ಎಲ್ಲವನ್ನೂ ನೋಂದಾಯಿಸಿ ಮರೆತೂ ಬಿಟ್ಟಿರಬಹುದು. ಆದರೆ ಇಲ್ಲಿ ಪ್ರಶ್ನೆಯಿರುವುದು ಆತ ನೋಡಿದನೋ ಇಲ್ಲವೋ ಎಂಬುದಲ್ಲ. ನೋಡಬಹುದಾಗಿತ್ತು ಮತ್ತು ಅದು ಆ ಮನೆಯ ಮಹಿಳೆಯರಿಗೆ ಗೊತ್ತಿರಲಿಲ್ಲ ಎಂಬುದು. ಕಳ್ಳನ ಭಯದಿಂದ ಬಾಗಿಲಿಗೆ ಕಾವಲು ಹಾಕಿಸಿದ ಕುಟುಂಬವೊಂದು, ಆ ಕಾವಲಿನ ಕೀಲಿಕೈಯನ್ನೇ ಅಪರಿಚಿತನಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಮಲಗಿತ್ತು. ಇದು ಆ ಒಂದು ಕುಟುಂಬದ ಮರೆವು ಮಾತ್ರವೇ?

ಕಳೆದ ಎರಡು ದಶಕಗಳಲ್ಲಿ ನಮ್ಮ ಪಟ್ಟಣಗಳು ಬದಲಾಗಿವೆ. ಕೂಡುಕುಟುಂಬಗಳು ಒಡೆದು ಒಂಟಿ ಮನೆಗಳಾದವು. ಜಗಲಿಯ ಜಾಗದಲ್ಲಿ ಎತ್ತರದ ಆವರಣ ಗೋಡೆ ಬಂತು. ಹೊರಗೆ ದುಡಿಯುವ ಗಂಡಸರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುತ್ತಾರೆ. ಮದುವೆಗೆಂದು ಮಾಡಿಸಿದ ಚಿನ್ನ ಕಪಾಟಿನಲ್ಲಿರುತ್ತದೆ. ಇಂಥ ಮನೆಗಳಲ್ಲಿ ರಾತ್ರಿಯ ಭಯ ನಿಜವಾದದ್ದು. ಅದನ್ನು ಯಾರೂ ಲೇವಡಿ ಮಾಡಬೇಕಾಗಿಲ್ಲ. ಹಿಂದೆ ಬ್ಯಾಂಕು ಮತ್ತು ಚಿನ್ನದಂಗಡಿಗಳಿಗೆ ಸೀಮಿತವಾಗಿದ್ದ ಕ್ಯಾಮರಾ ಮತ್ತು ಅಲಾರಂ ಇಂದು ಮಧ್ಯಮ ವರ್ಗದ ಕೈಗೆಟಕುತ್ತಿವೆ. 2017ರಲ್ಲಿ ಕರ್ನಾಟಕ ಸರಕಾರವೇ ಸಾರ್ವಜನಿಕ ಸುರಕ್ಷತಾ ಕಾನೂನೊಂದನ್ನು ತಂದು, ಒಮ್ಮೆಗೆ 100 ಮಂದಿ ಅಥವಾ ದಿನಕ್ಕೆ 500 ಮಂದಿ ಸೇರುವ ಸಂಸ್ಥೆಗಳಿಗೆ ಕ್ಯಾಮರಾವನ್ನು ಕಡ್ಡಾಯ ಮಾಡಿತು. ಬೇಡಿಕೆ ಬೆಳೆದಾಗ ಅದನ್ನು ಪೂರೈಸುವವರೂ ಬೆಳೆಯುತ್ತಾರೆ. ಮೊಬೈಲ್ ರಿಪೇರಿ ಮಾಡುತ್ತಿದ್ದವರು, ಡಿಶ್ ಟಿವಿ ಜೋಡಿಸುತ್ತಿದ್ದವರು, ವಯರಿಂಗ್ ಕೆಲಸಕ್ಕೆ ಸಹಾಯಕರಾಗಿ ಹೋಗುತ್ತಿದ್ದವರು ಈ ಕ್ಷೇತ್ರಕ್ಕೆ ಬಂದರು. ದುಡಿದು ತಿನ್ನುವ ದಾರಿ ಅದು, ತಪ್ಪಲ್ಲ. ಆದರೆ ಅವರಿಗೆ ಕಲಿಸಿದವರು ಯಾರು, ಅವರ ಹೊಣೆಗಾರಿಕೆಯನ್ನು ಕೇಳುವವರು ಯಾರು?

ಈ ವಿಷಯದಲ್ಲಿ ಕಾನೂನಿನ ಸ್ಥಿತಿ ವಿಚಿತ್ರವಾಗಿದೆ. ಗೇಟಿನ ಹೊರಗೆ ಲಾಠಿ ಹಿಡಿದು ನಿಲ್ಲುವ ಕಾವಲುಗಾರನ ಬಗ್ಗೆ ದೇಶದಲ್ಲಿ ಒಂದು ಕಾನೂನಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯಿದೆಯ ಪ್ರಕಾರ, ಕಾವಲುಗಾರರನ್ನು ಒದಗಿಸುವ ಏಜೆನ್ಸಿ ಪರವಾನಗಿ ಪಡೆಯಬೇಕು, ಕಾವಲುಗಾರನ ಪೂರ್ವಾಪರ ಪರಿಶೀಲನೆಯಾಗಬೇಕು. ಆತನಿಗೆ 100 ಗಂಟೆಗಳ ತರಗತಿ ಮತ್ತು 60 ಗಂಟೆಗಳ ಕ್ಷೇತ್ರ ತರಬೇತಿ ಬೇಕೆಂದು 2006ರ ಕೇಂದ್ರದ ಮಾದರಿ ನಿಯಮಗಳು ಹೇಳಿದ್ದವು. ಒಳ್ಳೆಯದೇ. ಆದರೆ ಆ ಕಾಯಿದೆಯು ಭದ್ರತೆ ಎಂದು ಅರ್ಥೈಸಿಕೊಂಡಿರುವುದು ವ್ಯಕ್ತಿಯನ್ನು ಅಥವಾ ಸೊತ್ತನ್ನು ಕಾಯುವ ಕೆಲಸವನ್ನು. ಮನೆಯೊಳಗೆ ಬಂದು ಅಲಾರಂ ಜೋಡಿಸಿ ಹೋಗುವವನ ಪ್ರಸ್ತಾಪ ಆ ವ್ಯಾಖ್ಯಾನದಲ್ಲಿಲ್ಲ. ಅಂದರೆ, ಗೇಟಿನಾಚೆ ನಿಲ್ಲುವವನಿಗೆ 160 ಗಂಟೆಗಳ ತರಬೇತಿ. ಮಲಗುವ ಕೋಣೆಯ ಕಿಟಕಿಗೆ ಸೆನ್ಸರ್ ಅಂಟಿಸುವವನಿಗೆ, ಯಾವ ಬಾಗಿಲು ದುರ್ಬಲ, ಮನೆಯವರು ಯಾವಾಗ ಇರುವುದಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡು ಹೊರಡುವವನಿಗೆ ಅಂಥ ಯಾವ ಷರತ್ತೂ ಇಲ್ಲ. ಮನೆಯ ವಿದ್ಯುತ್ ವಯರಿಂಗ್‌ಗೆ ಪರವಾನಗಿ ಹೊಂದಿದ ಗುತ್ತಿಗೆದಾರ ಬೇಕು. ಮನೆಯ ಮಾನ ಕಾಯುವ ತಂತಿಗೆ ಬೇಡ.

ಹೊರದೇಶಗಳಲ್ಲಿ ಹೀಗಿಲ್ಲ. ಅಮೇರಿಕದ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅಲಾರಂ ಜೋಡಿಸುವ ಕಂಪೆನಿಗಳು ಸರಕಾರದ ಪರವಾನಗಿ ಪಡೆಯಬೇಕು. ಹಾಗಂತ, ಪರವಾನಗಿಯೊಂದಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಅದೇ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಎಡಿಟಿ ಎಂಬ ಪ್ರಖ್ಯಾತ ಅಲಾರಂ ಕಂಪೆನಿಯ ತಂತ್ರಜ್ಞನೊಬ್ಬ, ತಾನು ಕೆಲಸಕ್ಕೆ ಹೋದ ಮನೆಗಳ ಖಾತೆಗಳಿಗೆ ತನ್ನ ಸ್ವಂತ ಈಮೇಲ್ ವಿಳಾಸವನ್ನು ಸೇರಿಸಿಬಿಡುತ್ತಿದ್ದ. ಪರೀಕ್ಷೆಗಾಗಿ ಬೇಕು ಎಂದು ಕೆಲವರಿಗೆ ಹೇಳಿದ್ದ, ಕೆಲವರಿಗೆ ಹೇಳಿಯೇ ಇರಲಿಲ್ಲ. ನಾಲ್ಕೂವರೆ ವರ್ಷಗಳಲ್ಲಿ 200ಕ್ಕೂ ಅಧಿಕ ಗ್ರಾಹಕರ ಕ್ಯಾಮರಾಗಳನ್ನು ಆತ 9,600ಕ್ಕೂ ಅಧಿಕ ಬಾರಿ ಇಣುಕಿ ನೋಡಿದ್ದ. ಸುಂದರ ಮಹಿಳೆಯರಿರುವ ಮನೆಗಳನ್ನು ಗುರುತಿಟ್ಟುಕೊಂಡು ನೋಡಿದ್ದ. 2021ರಲ್ಲಿ ನ್ಯಾಯಾಲಯ ಆತನಿಗೆ 52 ತಿಂಗಳ ಸೆರೆವಾಸ ವಿಧಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಆದರೆ ಎರಡೂ ಪ್ರಕರಣಗಳ ನಡುವೆ ಒಂದು ವ್ಯತ್ಯಾಸವಿದೆ. ಅಲ್ಲಿ ಆತ ಯಾರು, ಯಾವ ಕಂಪೆನಿಯವನು, ಯಾವ ದಿನ ಯಾರ ಮನೆಗೆ ಹೋಗಿದ್ದ ಎಂಬುದಕ್ಕೆಲ್ಲ ದಾಖಲೆಯಿತ್ತು. ಆದ್ದರಿಂದಲೇ ಆತ ಸಿಕ್ಕಿಬಿದ್ದ, ಕಂಪೆನಿಯೂ ಉತ್ತರಿಸಬೇಕಾಯಿತು. ನಮ್ಮಲ್ಲಿ ಮೊದಲು ಹುಡುಕಬೇಕಾಗಿರುವುದು ಆತನ ಹೆಸರನ್ನೇ. ಪರವಾನಗಿ ಎಂಬುದು ಪ್ರಾಮಾಣಿಕತೆಯ ಖಾತರಿಯಲ್ಲ. ಅದು ಹುಡುಕಿದರೆ ಸಿಗುವ ವಿಳಾಸ. ಆ ವಿಳಾಸವನ್ನು ಸರಕಾರ ಬರೆದಿಡುವುದಿಲ್ಲವಾದರೆ ಮನೆಯವರೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.

ದುರುದ್ದೇಶವೇ ಇರಬೇಕೆಂದಿಲ್ಲ, ಅಜ್ಞಾನವೂ ಅಷ್ಟೇ ಹಾನಿ ಮಾಡಬಲ್ಲದು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕಿರುವುದು ಬಯಲಾಯಿತು. ಚಿಕಿತ್ಸೆಗೆ ಬಂದ ಮಹಿಳೆಯರ ದೃಶ್ಯಗಳವು. ಅದಕ್ಕೆ ದೊಡ್ಡ ಕನ್ನವೇನೂ ಬೇಕಿರಲಿಲ್ಲ. ಯಾರೂ ಊಹಿಸಬಹುದಾದ ಸಾಮಾನ್ಯ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟಿದ್ದುದೇ ಕಾರಣವೆಂದು ವರದಿಗಳು ಹೇಳಿದವು. 2016ರ ಅಕ್ಟೋಬರ್ 21ರಂದು ಅಮೇರಿಕದಲ್ಲಿ ಹಲವು ಪ್ರಮುಖ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ಸ್ಥಗಿತಗೊಂಡಾಗ, ದಾಳಿಗೆ ಬಳಕೆಯಾಗಿದ್ದು ಸಾಮಾನ್ಯರ ಮನೆ-ಅಂಗಡಿಗಳ ಕ್ಯಾಮರಾ ಮತ್ತು ರೆಕಾರ್ಡರ್‌ಗಳು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಎರಡು ನಿಮಿಷದ ಆ ಕೆಲಸವನ್ನು ಮಾಡಬೇಕಾದವನು ಅಳವಡಿಸಲು ಬಂದವನು. ಮಾಡಿಸಿಕೊಳ್ಳಬೇಕಾದವರು ಮನೆಯವರು. ಇಬ್ಬರೂ ಮಾಡದಿದ್ದರೆ ಮೂರನೆಯವನೊಬ್ಬ ಅದನ್ನು ಬಳಸಿಕೊಳ್ಳುತ್ತಾನೆ.

ಅಲಾರಂ ಎಂಬುದು ಮಾಯದ ಪೆಟ್ಟಿಗೆಯೇನಲ್ಲ. ಬಾಗಿಲ ಚೌಕಟ್ಟಿನಲ್ಲೊಂದು ಸಣ್ಣ ಸ್ವಿಚ್ಚು, ಬಾಗಿಲಲ್ಲೊಂದು ಆಯಸ್ಕಾಂತ. ಬಾಗಿಲು ತೆರೆದಾಗ ಅವೆರಡೂ ದೂರವಾಗುತ್ತವೆ, ಪೆಟ್ಟಿಗೆಗೆ ಸೂಚನೆ ಹೋಗುತ್ತದೆ. ಕೋಣೆಯ ಮೂಲೆಯಲ್ಲಿರುವ ಸೆನ್ಸರ್ ದೇಹದ ಶಾಖದ ಚಲನೆಯನ್ನು ಗುರುತಿಸುತ್ತದೆ. ಅದನ್ನು ಬಿಸಿಲು ಬೀಳುವ ಕಿಟಕಿಯ ಎದುರಿಗೋ ಅಡುಗೆ ಒಲೆಯ ಬಳಿಯೋ ಇಟ್ಟರೆ, ಅದರ ಮುಖದ ಮೇಲೆಯೇ ಹಲ್ಲಿ ಹರಿದಾಡಿದರೆ, ಕಳ್ಳನಿಲ್ಲದೆಯೂ ಸೈರನ್ ಕೂಗುತ್ತದೆ. ಪೆಟ್ಟಿಗೆಯೊಳಗೆ ಬ್ಯಾಟರಿಯಿರುತ್ತದೆ. ಅದು ಸತ್ತರೆ, ಕರೆಂಟ್ ಹೋದ ರಾತ್ರಿ ಅಲಾರಂ ಕೂಡ ಸತ್ತಂತೆಯೇ. ಫೋನ್‌ಗೆ ಕರೆ ಮಾಡುವ ಸಿಮ್ ಇರುತ್ತದೆ. ಅದರ ರೀಚಾರ್ಜ್ ಮುಗಿದರೆ ಪೆಟ್ಟಿಗೆ ಮೂಕವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡು ಗುಪ್ತಸಂಖ್ಯೆಗಳಿರುತ್ತವೆ. ಒಂದು ಮನೆಯವರಿಗೆ, ಇನ್ನೊಂದು ಅಳವಡಿಸುವವನಿಗೆ. ಹೆಚ್ಚಿನ ಮನೆಯವರಿಗೆ ಎರಡನೆಯದು ಇದೆಯೆಂಬುದೇ ಗೊತ್ತಿರುವುದಿಲ್ಲ. ಕಲಿತ ತಂತ್ರಜ್ಞ ಇವಿಷ್ಟನ್ನೂ ಅರ್ಧ ಗಂಟೆಯಲ್ಲಿ ವಿವರಿಸಿ, ಬರೆದುಕೊಟ್ಟು ಹೋಗುತ್ತಾನೆ. ‘ನಿಮಗ್ಯಾಕೆ ಅದೆಲ್ಲ’ ಎನ್ನುವವನು ಒಂದೋ ಕಲಿತಿಲ್ಲ, ಇಲ್ಲವೇ ಕಲಿಸಲು ಇಷ್ಟವಿಲ್ಲ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಕೆಲಸಕ್ಕೆ ಮುಂಚೆ ಆತನ ಗುರುತಿನ ಚೀಟಿಯನ್ನು ನೋಡಿ ಹೆಸರು, ವಿಳಾಸ ಬರೆದಿಟ್ಟುಕೊಳ್ಳಬೇಕು. ಅಂಗಡಿ ಇದೆಯೆಂದಾದರೆ ಅದಕ್ಕೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಇದೆಯೇ ಎಂದು ವಿಚಾರಿಸಬೇಕು. ಜಿಎಸ್‌ಟಿ ಸಂಖ್ಯೆ ಇಲ್ಲವೆಂದ ಮಾತ್ರಕ್ಕೆ ಯಾರೂ ವಂಚಕರಾಗುವುದಿಲ್ಲ. ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಿಲ್ಲದವನು ಗ್ರಾಹಕನಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ತೆರಿಗೆ ಕೇಳಿದರೆ 15 ಅಕ್ಷರ-ಅಂಕಿಗಳ ಸಂಖ್ಯೆಯನ್ನು ಬಿಲ್‌ನಲ್ಲಿ ಕೇಳಿ. ಉಪಕರಣದ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ, ಅಂದರೆ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ, ಇದೆಯೇ ನೋಡಿ. 2025ರ ಏಪ್ರಿಲ್ 9ರಿಂದ ಕೇಂದ್ರ ಸರಕಾರ ಸಿಸಿಟಿವಿ ಕ್ಯಾಮರಾಗಳಿಗೆ ಸೈಬರ್ ಸುರಕ್ಷತಾ ಪರೀಕ್ಷೆಯನ್ನೂ ಕಡ್ಡಾಯ ಮಾಡಿದೆ. ಪೆಟ್ಟಿಗೆಯಿಲ್ಲದೆ ಬರುವ ಅಗ್ಗದ ಹಳೆ ಸರಕಿನ ಬಗ್ಗೆ ಎಚ್ಚರವಿರಲಿ.

ಹಣವನ್ನು ಒಂದೇ ಬಾರಿಗೆ ಕೊಡಬೇಡಿ. ಮುಂಗಡ ಸ್ವಲ್ಪ, ಕೆಲಸ ಮುಗಿದು ಒಂದು ವಾರ ಸರಿಯಾಗಿ ನಡೆದ ಬಳಿಕ ಉಳಿದದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಯಾವ ಕಂಪೆನಿಯ ಎಷ್ಟು ಉಪಕರಣ, ಎಷ್ಟು ದಿನಗಳ ವಾರಂಟಿ, ಕೆಟ್ಟರೆ ಎಷ್ಟು ದಿನದಲ್ಲಿ ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ. ವ್ಯವಹಾರವನ್ನು ಬರೆದಿಡುವುದು ಅಪನಂಬಿಕೆಯ ಲಕ್ಷಣ ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಕುರ್‌ಆನಿನ ಅತಿ ದೀರ್ಘ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿಯೇ ಇದೆ ಎಂಬುದನ್ನು ತಿಳಿದವರೂ, ‘ನಮ್ಮವನೇ ಅಲ್ಲವೇ, ಬಿಲ್ ಯಾಕೆ’ ಎಂದು ಸುಮ್ಮನಾಗುತ್ತಾರೆ. ನಮ್ಮವನಾಗಿದ್ದರೆ ಬಿಲ್ ಕೊಡಲು ಅವನಿಗೆ ಸಂಕೋಚವೇಕಿರಬೇಕು?

ಖಾತೆ ತೆರೆಯುವಾಗ ಮನೆಯವರ ಮೊಬೈಲಿನಲ್ಲೇ, ಮನೆಯವರ ಸಂಖ್ಯೆಯಲ್ಲೇ ತೆರೆಯಬೇಕು. ಆತ ಅಂಗಳ ದಾಟಿ ಹೋದ ಬಳಿಕ ಪಾಸ್‌ವರ್ಡನ್ನೂ ಗುಪ್ತಸಂಖ್ಯೆಯನ್ನೂ ಮತ್ತೊಮ್ಮೆ ಬದಲಿಸಬೇಕು. ಆಪ್‌ನಲ್ಲಿ ಯಾರೊಂದಿಗೆ ದೃಶ್ಯ ಹಂಚಿಕೆಯಾಗಿದೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಇವೆಲ್ಲ ಗಂಡಸರ ಕೆಲಸ ಎಂದು ಬಿಡುವಂತೆಯೂ ಇಲ್ಲ. ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿದಾಗ ಮನೆಯಲ್ಲಿರುವವಳು ಆಕೆ. ಗಲ್ಫ್‌ನಲ್ಲಿರುವ ಪತಿಗೆ ಪಾಸ್‌ವರ್ಡ್ ಗೊತ್ತಿದ್ದು, ಮನೆಯಲ್ಲಿರುವ ಪತ್ನಿಗೆ ಗೊತ್ತಿಲ್ಲವೆಂದಾದರೆ ಆ ಭದ್ರತೆ ಯಾರಿಗೆ? ಮನೆಯ ಕಾವಲಿನ ಕೀಲಿಕೈ ಮನೆಯಲ್ಲಿ ವಾಸಿಸುವವಳ ಕೈಯಲ್ಲೇ ಇರಬೇಕು. ಕಲಿಯಲು ಆಕೆಗೆ ಅರ್ಧ ಗಂಟೆ ಸಾಕು. ಕಲಿಸಲು ನಮಗೆ ಮನಸ್ಸು ಬೇಕು.

ಇನ್ನೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಕಳ್ಳನನ್ನು ಗುರುತಿಸಲು ಕ್ಯಾಮರಾ ಬೇಕಿರುವುದು ಗೇಟಿಗೆ, ಅಂಗಳಕ್ಕೆ, ಹಿತ್ತಿಲ ಬಾಗಿಲಿಗೆ. ಪಡಸಾಲೆಯೊಳಗೆ ಅದು ಬೇಕಿರುವುದು ಯಾರನ್ನು ಗುರುತಿಸಲು? ದೂರದಲ್ಲಿರುವ ತಂದೆಗೆ ಮಕ್ಕಳನ್ನು ನೋಡುವ ಹಂಬಲ ಸಹಜ. ಅದಕ್ಕೆ ವೀಡಿಯೋ ಕರೆಯಿದೆ. ಅಲ್ಲಿ ಮಕ್ಕಳಿಗೆ ಗೊತ್ತಿರುತ್ತದೆ, ಅವರು ನಗುತ್ತಾ ಮಾತಾಡುತ್ತಾರೆ. ಸದಾ ತೆರೆದಿರುವ ಕಣ್ಣು ಬೇರೆಯೇ. ತಲೆಯ ಬಟ್ಟೆ ಸರಿಸಿ ಕೂರುವ, ಮಗುವಿಗೆ ಹಾಲೂಡಿಸುವ, ಬೇಸರವಾದಾಗ ಅಳುವ ಜಾಗವದು. ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ನಿಂತು ಸಲಾಮ್ ಹೇಳಿ, ಅನುಮತಿ ಸಿಗದಿದ್ದರೆ ಮರಳಿ ಹೋಗಬೇಕೆಂದು ಕಲಿಸಲ್ಪಟ್ಟ ಸಮುದಾಯ ನಮ್ಮದು. ಅಂಥ ಮನೆಯೊಳಕ್ಕೆ ಅನುಮತಿ ಕೇಳದೆ ಸದಾ ನೋಡುವ ಕಣ್ಣೊಂದನ್ನು ನಾವೇ ಹಣ ಕೊಟ್ಟು ತರುವಾಗ ಒಮ್ಮೆ ಯೋಚಿಸಬೇಡವೇ? ಒಳಗೆ ಕ್ಯಾಮರಾ ಇಲ್ಲದಿದ್ದರೆ, ಕೀಲಿಕೈ ಕಳೆದುಹೋದರೂ ಹೋಗುವುದು ಅಂಗಳದ ನೋಟ ಮಾತ್ರ.

ಈಗಾಗಲೇ ಮೋಸ ಹೋಗಿದ್ದರೆ? ಮೊದಲು ದಾಖಲೆಯನ್ನು ಉಳಿಸಿಕೊಳ್ಳಿ. ಬಿಲ್ ಇಲ್ಲದಿದ್ದರೂ ಯುಪಿಐ ಮೂಲಕ ಹಣ ಕೊಟ್ಟ ದಾಖಲೆ, ವಾಟ್ಸಪ್ ಸಂದೇಶ, ಕರೆಗಳ ಪಟ್ಟಿ ಇವೆಲ್ಲ ಸಾಕ್ಷ್ಯವೇ. ಅಷ್ಟಕ್ಕೂ, ಬಿಲ್ ಕೊಡದಿರುವುದನ್ನೇ 2019ರ ಗ್ರಾಹಕರ ರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಏನು ಕೆಟ್ಟಿದೆ, ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂದು ಆತನಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಶೀದಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ವ್ಯವಹಾರದ ಮೊತ್ತ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಎರಡು ವರ್ಷ ದಾಟುವ ಮುಂಚೆ ಕೊಡಬೇಕು. 42,000 ರೂಪಾಯಿ ಕಳಕೊಂಡವರು ‘ಕೋರ್ಟು ಕಚೇರಿ ಯಾಕೆ’ ಎಂದು ಬಿಟ್ಟುಬಿಡುವುದರಿಂದಲೇ ಮುಂದಿನ ಮನೆಯೂ ಕಳಕೊಳ್ಳುತ್ತದೆ.

ಕ್ಯಾಮರಾದ ನಿಯಂತ್ರಣ ಬೇರೆಯವರ ಕೈಯಲ್ಲಿದೆ ಎಂದು ಗೊತ್ತಾದರೆ ಗಾಬರಿಯಿಂದ ಎಲ್ಲವನ್ನೂ ಅಳಿಸಬೇಡಿ. ಮೊದಲು ಒಳಗಿನ ಕ್ಯಾಮರಾದ ತಂತಿ ತೆಗೆಯಿರಿ. ಯಾರ ಖಾತೆಗೆ ಜೋಡಣೆಯಾಗಿದೆ ಎಂಬುದರ ಚಿತ್ರ ತೆಗೆದಿಟ್ಟುಕೊಳ್ಳಿ, ಬಳಿಕ ಪಾಸ್‌ವರ್ಡ್ ಬದಲಿಸಿ. ಹಲವು ಕಂಪೆನಿಗಳ ಉಪಕರಣ ಮೊದಲು ನೋಂದಾಯಿಸಿದವನ ಖಾತೆಗೇ ಅಂಟಿಕೊಂಡಿರುತ್ತದೆ. ಆಗ ಕಂಪೆನಿಯ ಸಹಾಯ ಕೇಂದ್ರವನ್ನೇ ಸಂಪರ್ಕಿಸಬೇಕಾಗುತ್ತದೆ. ಮಾಲಕರ ಅನುಮತಿಯಿಲ್ಲದೆ ದುರುದ್ದೇಶದಿಂದ ಅವರ ಕಂಪ್ಯೂಟರ್ ವ್ಯವಸ್ಥೆಯೊಳಗೆ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷಗಳವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಅಡಿ ಬೇರೆಯೇ ಅಪರಾಧ. ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ. ದೂರು ಕೊಟ್ಟರೆ ಮನೆಯ ಹೆಣ್ಣುಮಕ್ಕಳ ಹೆಸರು ಕೆಡುತ್ತದೆ ಎಂದು ಹೆದರಿಸುವ ಹಿರಿಯರಿರುತ್ತಾರೆ. ಕೆಡಬೇಕಾದದ್ದು ಇಣುಕಿದವನ ಹೆಸರು.

ಇಂಥ ಸಂದರ್ಭದಲ್ಲಿ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಹೋಗಿ ಆತನಿಗೆ ಎರಡೇಟು ಬಾರಿಸುವುದೇ ಪರಿಹಾರವೆಂದು ತಿಳಿದವರೂ ಇದ್ದಾರೆ. ಅದರಿಂದ ಹಣ ಮರಳುವುದಿಲ್ಲ, ಪಾಸ್‌ವರ್ಡೂ ಮರಳುವುದಿಲ್ಲ. ಮರಳಿ ಬರುವುದು ನಿಮ್ಮ ಮೇಲೊಂದು ಪ್ರಕರಣ. ಅದಕ್ಕಿಂತಲೂ ಅಪಾಯಕಾರಿಯಾದುದು ಇನ್ನೊಂದಿದೆ. ಮೋಸ ಮಾಡಿದವನ ಹೆಸರಿನಲ್ಲಿ ಆತನ ಧರ್ಮವನ್ನು ಹುಡುಕುವುದು. 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಧರ್ಮ ನೋಡಿ ವ್ಯಾಪಾರಿಗಳನ್ನು ಹೊರಗಿಟ್ಟಾಗ ಅದರ ನೋವನ್ನು ಉಂಡವರು ನಾವು. ಆ ಅಳತೆಗೋಲನ್ನು ನಾವು ಯಾರ ಮೇಲೂ ಬಳಸಬಾರದು. ಕೇಳಬೇಕಾದದ್ದು ‘ನೀನು ಯಾರವನು’ ಎಂದಲ್ಲ, ‘ನಿನ್ನ ಬಿಲ್ ಎಲ್ಲಿ, ವಿಳಾಸ ಎಲ್ಲಿ’ ಎಂದು. ಆ ಪ್ರಶ್ನೆಯನ್ನು ನಮ್ಮವನಲ್ಲೂ ಕೇಳಬೇಕು, ಇತರರಲ್ಲೂ ಕೇಳಬೇಕು. ಒಬ್ಬನಲ್ಲಿ ಕೇಳಿ ಇನ್ನೊಬ್ಬನಲ್ಲಿ ಬಿಟ್ಟರೆ ಅದು ಎಚ್ಚರವಲ್ಲ, ಪಕ್ಷಪಾತ.

ಈಗ ಆ ಯುವಕನ ಬಗ್ಗೆಯೂ ಎರಡು ಮಾತು. ಆತ ನಮ್ಮ ನಡುವಿನವನೇ ಆಗಿರಬಹುದು. ಪಿಯುಸಿ ಅರ್ಧಕ್ಕೆ ಬಿಟ್ಟು, ಮೊಬೈಲ್‌ನಲ್ಲಿ ನೋಡಿ ಕೆಲಸ ಕಲಿತು, ಬೈಕಿನ ಹಿಂದೆ ಡ್ರಿಲ್ಲಿಂಗ್ ಮೆಷಿನ್ ಕಟ್ಟಿಕೊಂಡು ತಿರುಗುವ ಹುಡುಗ. ಆತನಿಗೆ ಪರವಾನಗಿ ಇಲ್ಲ ಎಂದು ದೂರುವ ನಾವು, ಆತನಿಗೆ ಕಲಿಯುವ ದಾರಿ ತೋರಿಸಿದ್ದೇವೆಯೇ? ದಾರಿ ಇಲ್ಲವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಸಿಸಿಟಿವಿ ಕ್ಯಾಮರಾ, ಸೆಕ್ಯುರಿಟಿ ಅಲಾರಂ ಮತ್ತು ಹೊಗೆ ಸೂಚಕಗಳ ಅಳವಡಿಕೆ ಹಾಗೂ ದುರಸ್ತಿಯ 13 ದಿನಗಳ ತರಬೇತಿ ಅವುಗಳ ಪಟ್ಟಿಯಲ್ಲಿದೆ. ಗ್ರಾಮೀಣ ಯುವಕರಿಗೆ ಊಟ, ವಸತಿ ಸಹಿತ ಉಚಿತ. ನಮ್ಮ ಊರಿನ ಎಷ್ಟು ಮಂದಿಗೆ ಇದು ಗೊತ್ತಿದೆ? ವಾರ್ಷಿಕ ಸಮಾರಂಭದ ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ಲಕ್ಷ ಖರ್ಚು ಮಾಡುವ ಸಂಘಟನೆಗಳು, ಜಮಾಅತ್‌ಗಳು ಇಂಥ ಹತ್ತು ಯುವಕರ ಅರ್ಜಿ ತುಂಬಿಸಿ ಕಳುಹಿಸಿದರೆ ಅದಕ್ಕಿಂತ ದೊಡ್ಡ ಸೇವೆ ಬೇರೊಂದಿಲ್ಲ. ಆ ಯುವಕರೂ ತಿಳಿದುಕೊಳ್ಳಬೇಕಾದ ಸಂಗತಿಯೊಂದಿದೆ. ತೊಳೆದ ಕೈಯಂತೆ ಲೆಕ್ಕ ಚುಕ್ತಾ ಮಾಡಿ, ಪಾಸ್‌ವರ್ಡನ್ನು ಮನೆಯವರ ಕೈಗಿಟ್ಟು, ‘ನನ್ನ ಖಾತೆಯನ್ನು ತೆಗೆದಿದ್ದೇನೆ, ನೀವೇ ಪರೀಕ್ಷಿಸಿ’ ಎಂದು ಹೇಳಿ ಹೊರಡುವ ತಂತ್ರಜ್ಞನಿಗೆ ಜಾಹೀರಾತು ಬೇಕಾಗುವುದಿಲ್ಲ. ಒಂದು ಮನೆಯ ಮಾತು ಹತ್ತು ಮನೆಗಳಿಗೆ ಹೋಗುತ್ತದೆ.

ಸರಕಾರದ ಹೊಣೆಗಾರಿಕೆಯನ್ನೂ ಮರೆಯುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಸಾರಿತು. ಆ ಅರ್ಜಿಯನ್ನು ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೀಗೆ ಈ ಹಕ್ಕಿನ ಚರಿತ್ರೆಯಲ್ಲೇ ನಮ್ಮ ರಾಜ್ಯದ ಹೆಸರಿದೆ. ಕ್ಯಾಮರಾ ಹಾಕಿ ಎಂದು ಕಾನೂನು ಮಾಡಿದ ರಾಜ್ಯ, ಅದನ್ನು ಹಾಕುವವನು ಯಾರೆಂದು ಕೇಳುವ ಒಂದು ಸರಳ ನೋಂದಣಿಯನ್ನೂ ತರಬೇಕು. ಸ್ಥಳೀಯ ಠಾಣೆಯಲ್ಲಿ ಪೂರ್ವಾಪರ ಪರಿಶೀಲನೆ, ಸಣ್ಣದೊಂದು ತರಬೇತಿ, ಎಲ್ಲರೂ ನೋಡಬಹುದಾದ ಒಂದು ಪಟ್ಟಿ. ಇವಿಷ್ಟೇ ಸಾಕು. ಆದರೆ ಅದು ಬಡ ಯುವಕನ ಜೇಬಿಗೆ ಕತ್ತರಿ ಹಾಕುವ, ಕಚೇರಿ ಕಚೇರಿ ಅಲೆಸುವ ಇನ್ನೊಂದು ಲೈಸನ್ಸ್ ಆಗಬಾರದು. ಪೂರ್ವಾಪರ ಪರಿಶೀಲನೆಯ ನೆಪದಲ್ಲಿ ಹೆಸರು ನೋಡಿ ತಡೆಹಿಡಿಯುವ ಅಸ್ತ್ರವೂ ಆಗಬಾರದು. ದೊಡ್ಡ ಕಂಪೆನಿಗಳಿಗೆ ಮಾತ್ರ ಸುಲಭವಾಗುವ ನಿಯಮದಿಂದ ಗ್ರಾಹಕನಿಗೆ ಲಾಭವಿಲ್ಲ.

ಕಾನೂನು ಬರುವ ತನಕ ಕಾಯಬೇಕೇ? ಆ ಕರಾವಳಿಯ ಕುಟುಂಬ ಕಾಯಲಿಲ್ಲ. ಪಡಸಾಲೆಯ ಕ್ಯಾಮರಾವನ್ನು ಕಳಚಿ ಹಿತ್ತಿಲ ಬಾಗಿಲಿಗೆ ಹಾಕಿಸಿತು. ಹೊಸ ಖಾತೆ ಮನೆಯೊಡತಿಯ ಮೊಬೈಲಿನಲ್ಲಿದೆ, ಪಾಸ್‌ವರ್ಡ್ ಆಕೆಯದ್ದೇ. ಈ ಬಾರಿ ಕೆಲಸಕ್ಕೆ ಬಂದ ತಂತ್ರಜ್ಞನಿಗೆ ಆಕೆ ಚಹಾ ಕೊಟ್ಟರು. ಹೊರಡುವ ಮುಂಚೆ ಬಿಲ್ ಕೇಳಿದರು. ಆತ ಬರೆದುಕೊಟ್ಟ. ಇಬ್ಬರಿಗೂ ಅದರಲ್ಲಿ ಬೇಸರವಾಗಲಿಲ್ಲ.